ಮಂಗಳೂರು – ಮೈಸೂರು: ವಿಮಾನದ ದೂರ ಎಷ್ಟು, ತಲುಪಲು ಬೇಕಾದ ಸಮಯ ಎಷ್ಟು?

ಕರಾವಳಿಯ ನಮ್ಮ ಕುಟುಂಬಗಳಿಗೂ ಮೈಸೂರು ಸೀಮೆಗೂ ನಂಟು ಹಳೆಯದು. ಕೊಡಗಿನ ತೋಟಗಳಲ್ಲಿ, ಮೈಸೂರಿನ ಶಾಲೆ, ಕಾಲೇಜು ಮತ್ತು ಆಸ್ಪತ್ರೆಗಳಲ್ಲಿ ದುಡಿಯುವ ಮಂಗಳೂರಿಗರು ಬಹಳ ಮಂದಿ ಇದ್ದಾರೆ. ಅಲ್ಲಿನ ಕಾನ್ವೆಂಟುಗಳಲ್ಲಿ ನಮ್ಮ ಊರಿನ ಧರ್ಮಭಗಿನಿಯರು ಸೇವೆ ಸಲ್ಲಿಸುತ್ತಿದ್ದಾರೆ. ಮದುವೆ, ಗುರುದೀಕ್ಷೆ, ಪುಣ್ಯಕ್ಷೇತ್ರದ ಹಬ್ಬ ಮುಂತಾದವುಗಳಿಗೆ ಎರಡೂ ಕಡೆಯಿಂದ ಹೋಗಿಬರುವವರು ವರ್ಷವಿಡೀ ಇದ್ದೇ ಇರುತ್ತಾರೆ. ಕಾಯಿಲೆ ಅಥವಾ ಮರಣದ ಸುದ್ದಿ ಬಂದಾಗಲಂತೂ ಎಲ್ಲರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: "ಬೇಗ ತಲುಪುವುದು ಹೇಗೆ?"

ಅಂತಹ ಗಳಿಗೆಯಲ್ಲಿ ಮನೆಯ ಕಿರಿಯರು ಮೊಬೈಲ್ ತೆರೆದು ನೋಡುತ್ತಾರೆ. "ವಿಮಾನದ ದೂರ 208 ಕಿ.ಮೀ., ಸಮಯ ಒಂದು ಗಂಟೆಗಿಂತ ಕಡಿಮೆ" ಎಂಬ ಉತ್ತರ ಬರುತ್ತದೆ. ಈ ಉತ್ತರ ಸುಳ್ಳಲ್ಲ. ಆದರೆ ಅದನ್ನೇ ನಂಬಿ ಹೊರಟರೆ ಅಂತ್ಯಕ್ರಿಯೆಗೆ ತಡವಾಗುವ ಸಂಭವವೇ ಹೆಚ್ಚು. ಆದುದರಿಂದ ಈ ಎರಡು ನಿಲ್ದಾಣಗಳ ನಡುವಿನ ದೂರ, ಹಾರಾಟದ ಸಮಯ ಮತ್ತು ಮನೆಯಿಂದ ಮನೆಗೆ ತಗಲುವ ನಿಜವಾದ ಸಮಯದ ಕುರಿತು ಒಂದಿಷ್ಟು ಮಾಹಿತಿಯನ್ನು ಓದುಗರ ಮುಂದಿಡುತ್ತಿದ್ದೇವೆ. ಧರ್ಮಕೇಂದ್ರದ ಕಚೇರಿಗಳಿಗೂ ಗುರಿಕಾರರಿಗೂ ಇದು ಉಪಯೋಗಕ್ಕೆ ಬರಬಹುದು.

ಎರಡು ನಿಲ್ದಾಣಗಳ ಪರಿಚಯ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನ. ಅಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಇಲ್ಲಿ ಬಂದಿಳಿದರು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣವಿದು. ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿದ್ದು, ರನ್‌ವೇಯ ಆಚೆ ಈಚೆ ಕಣಿವೆಗಳಿವೆ. ಮೊದಲಿನ ರನ್‌ವೇ ಕೇವಲ 1,615 ಮೀಟರ್ ಉದ್ದವಿತ್ತು. 2,450 ಮೀಟರ್ ಉದ್ದದ ಎರಡನೇ ರನ್‌ವೇ 2006ರಲ್ಲಿ ಬಳಕೆಗೆ ಬಂದ ಮೇಲೆ ದೊಡ್ಡ ಜೆಟ್ ವಿಮಾನಗಳು ಇಳಿಯಲು ಅನುಕೂಲವಾಯಿತು. ಗಲ್ಫ್ ದೇಶಗಳಿಗೆ ನೇರ ವಿಮಾನಗಳು ಆರಂಭವಾದದ್ದೂ ಅದೇ ವರ್ಷ.

ಮೈಸೂರಿನ ನಿಲ್ದಾಣ ನಗರದಿಂದ ಸುಮಾರು 10 ಕಿ.ಮೀ. ದೂರದ ಮಂಡಕಳ್ಳಿಯಲ್ಲಿ, ನಂಜನಗೂಡು ರಸ್ತೆಯ ಬದಿಯಲ್ಲಿದೆ. ಮೈಸೂರು ಅರಸರ ಕಾಲದಲ್ಲೇ ಇಲ್ಲಿ ವಿಮಾನ ಇಳಿಯುವ ಜಾಗ ಇತ್ತಾದರೂ ಈಗಿನ ರೂಪದಲ್ಲಿ ಅದು ಸಾರ್ವಜನಿಕರ ಸೇವೆಗೆ ಸಿಕ್ಕಿದ್ದು 2010ರಲ್ಲಿ. ಸಮುದ್ರ ಮಟ್ಟದಿಂದ 700 ಮೀಟರಿಗಿಂತ ಎತ್ತರದಲ್ಲಿರುವ ಈ ನಿಲ್ದಾಣದ ರನ್‌ವೇಯ ಉದ್ದ 1,740 ಮೀಟರ್ ಮಾತ್ರ. ಆದುದರಿಂದ ಇಲ್ಲಿಗೆ ಬರುವುದು ಮುಖ್ಯವಾಗಿ ರೆಕ್ಕೆಯ ಮುಂದೆ ಫಂಕ ತಿರುಗುವ, 70ರಿಂದ 78 ಸೀಟುಗಳ ಎಟಿಆರ್ ವಿಮಾನ.

208 ಕಿ.ಮೀ. ಎಂಬ ಲೆಕ್ಕ ಎಲ್ಲಿಂದ ಬಂತು?

ವಿಮಾನದ ದೂರವನ್ನು ಯಾರೂ ರಸ್ತೆಯ ಹಾಗೆ ಅಳೆಯುವುದಿಲ್ಲ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಲೆಕ್ಕ ಮಾಡಬಹುದು. ಹೈಸ್ಕೂಲು ಮಕ್ಕಳೂ ಇದನ್ನು ಮಾಡಿ ನೋಡಬಹುದು.

ಮಂಗಳೂರು ನಿಲ್ದಾಣ: ಉತ್ತರ ಅಕ್ಷಾಂಶ 12.96, ಪೂರ್ವ ರೇಖಾಂಶ 74.89.
ಮೈಸೂರು ನಿಲ್ದಾಣ: ಉತ್ತರ ಅಕ್ಷಾಂಶ 12.23, ಪೂರ್ವ ರೇಖಾಂಶ 76.66.

ಅಕ್ಷಾಂಶದ ವ್ಯತ್ಯಾಸ 0.73 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿ.ಮೀ. ಹಾಗಾಗಿ ಮೈಸೂರು ನಮಗಿಂತ ಸುಮಾರು 81 ಕಿ.ಮೀ. ದಕ್ಷಿಣಕ್ಕಿದೆ. ರೇಖಾಂಶದ ವ್ಯತ್ಯಾಸ 1.77 ಡಿಗ್ರಿ. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಹತ್ತಿರವಾಗುವುದರಿಂದ ನಮ್ಮ ಭಾಗದಲ್ಲಿ ಒಂದು ಡಿಗ್ರಿಗೆ ಸುಮಾರು 108.6 ಕಿ.ಮೀ. ಮಾತ್ರ. ಅಂದರೆ ಮೈಸೂರು ಸುಮಾರು 192 ಕಿ.ಮೀ. ಪೂರ್ವಕ್ಕಿದೆ. ಈಗ ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ನಿಯಮ ಸಾಕು: 81ರ ವರ್ಗ ಮತ್ತು 192ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 208 ಸಿಗುತ್ತದೆ. ಮೈಲಿಯಲ್ಲಿ ಹೇಳುವುದಾದರೆ 129, ವಿಮಾನ ಚಾಲಕರು ಬಳಸುವ ನಾಟಿಕಲ್ ಮೈಲಿಯಲ್ಲಿ 112.

ಭೂಪಟದ ಮೇಲೆ ಈ ಎರಡು ಬಿಂದುಗಳ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಗೆರೆ ಉಪ್ಪಿನಂಗಡಿಯ ಬಳಿ ಹಾದು, ಸುಬ್ರಹ್ಮಣ್ಯದ ಮೇಲಾಗಿ, 1,712 ಮೀಟರ್ ಎತ್ತರದ ಪುಷ್ಪಗಿರಿಯ ಪಕ್ಕದಲ್ಲೇ ಘಟ್ಟ ದಾಟುತ್ತದೆ. ಮುಂದೆ ಸೋಮವಾರಪೇಟೆಯ ಹತ್ತಿರದಿಂದ ಸಾಗಿ, ಹುಣಸೂರು ಮತ್ತು ಕೆ.ಆರ್. ನಗರಗಳ ನಡುವೆ ಹೋಗಿ ಮಂಡಕಳ್ಳಿಯನ್ನು ಮುಟ್ಟುತ್ತದೆ. ರಸ್ತೆ ಹೀಗೆ ನೇರ ಹೋಗಲಾರದು. ಮಾಣಿಯಲ್ಲಿ ತಿರುಗಿ ಪುತ್ತೂರು, ಸುಳ್ಯ, ಸಂಪಾಜೆಗಾಗಿ ಮಡಿಕೇರಿಗೆ ಹತ್ತಿ, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ಮಾರ್ಗವಾಗಿ ಮೈಸೂರು ಸೇರಲು ಸುಮಾರು 250 ಕಿ.ಮೀ. ಆಗುತ್ತದೆ. ರೈಲು ಇನ್ನೂ ಸುತ್ತು: ಸುಬ್ರಹ್ಮಣ್ಯ, ಸಕಲೇಶಪುರ, ಹಾಸನಗಳ ಮೂಲಕ 300 ಕಿ.ಮೀ.ಗೂ ಸ್ವಲ್ಪ ಹೆಚ್ಚು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆಕಾಶಮಾರ್ಗಕ್ಕೂ ರಸ್ತೆಗೂ ದೂರದಲ್ಲಿರುವ ವ್ಯತ್ಯಾಸ 40 ಕಿ.ಮೀ.ಯಷ್ಟೇ. ವಿಮಾನದಿಂದ ಸಮಯ ಉಳಿಯುವುದಿದ್ದರೆ ಅದು ದೂರ ಕಡಿಮೆ ಎಂಬ ಕಾರಣಕ್ಕಲ್ಲ, ಘಟ್ಟದ ತಿರುವುಗಳು ತಪ್ಪುತ್ತವೆ ಎಂಬ ಕಾರಣಕ್ಕೆ.

ಹಾರಾಟಕ್ಕೆ ಎಷ್ಟು ಹೊತ್ತು?

ಎಟಿಆರ್ ವಿಮಾನ ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 500 ಕಿ.ಮೀ. ಹಾರುತ್ತದೆ. 208 ಕಿ.ಮೀ.ಗೆ 25 ನಿಮಿಷ ಸಾಕು ಎಂದು ಯಾರಿಗಾದರೂ ಅನಿಸಬಹುದು. ಆದರೆ ಪೂರ್ಣ ವೇಗಕ್ಕೆ ಬರುವ ಮೊದಲು ಅದು ಮೇಲೇರಬೇಕು, ಇಳಿಯುವ ಮೊದಲು ವೇಗ ತಗ್ಗಿಸಬೇಕು. ಇಷ್ಟು ಹತ್ತಿರದ ಊರಿಗೆ ಹೋಗುವಾಗ ಹಾರಾಟದ ಹೆಚ್ಚಿನ ಪಾಲು ಏರುವುದರಲ್ಲೂ ಇಳಿಯುವುದರಲ್ಲೂ ಮುಗಿಯುತ್ತದೆ. ಜೊತೆಗೆ, ವಿಮಾನ ಗಾಳಿಗೆ ಎದುರಾಗಿ ಏರಬೇಕು. ಮಳೆಗಾಲದಲ್ಲಿ ಗಾಳಿ ಸಮುದ್ರದ ಕಡೆಯಿಂದ ಬೀಸುವಾಗ ವಿಮಾನ ಪಶ್ಚಿಮಕ್ಕೆ ಮುಖಮಾಡಿ ಏರಿ, ಬಳಿಕ ತಿರುಗಿ ಪೂರ್ವದ ದಾರಿ ಹಿಡಿಯಬೇಕಾಗುತ್ತದೆ. ಹೀಗಾಗಿ ಆಕಾಶದಲ್ಲಿ ಇರುವ ಸಮಯ 35ರಿಂದ 40 ನಿಮಿಷ ಎಂದು ಹಿಡಿಯಬಹುದು.

ವೇಳಾಪಟ್ಟಿಯಲ್ಲಿ ಕಾಣುವ ಸಮಯ ಇದಲ್ಲ. ಬಾಗಿಲು ಮುಚ್ಚಿ ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವ ತನಕದ ಸಮಯವನ್ನು ವೇಳಾಪಟ್ಟಿ ಹೇಳುತ್ತದೆ. ಅದು ಸುಮಾರು ಒಂದು ಗಂಟೆ.

ದೂರ ಇದೆ, ವಿಮಾನ ಇದೆಯೇ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಯಾವುದೇ ಎರಡು ನಿಲ್ದಾಣಗಳ ಹೆಸರು ಕೊಟ್ಟರೂ ಕಂಪ್ಯೂಟರ್ ಲೆಕ್ಕ ಮಾಡಿ ದೂರ, ಸಮಯ ಎರಡನ್ನೂ ತೋರಿಸುತ್ತದೆ. ಆ ಎರಡು ಊರುಗಳ ನಡುವೆ ವಿಮಾನ ಹಾರುತ್ತಿದೆ ಎಂದು ಅದರ ಅರ್ಥವಲ್ಲ.

ಮಂಗಳೂರು–ಮೈಸೂರು ನಡುವೆ ನೇರ ವಿಮಾನ ಹಾರಿದ್ದುಂಟು. 2020ರ ಡಿಸೆಂಬರ್‌ನಲ್ಲಿ ಅಲಯನ್ಸ್ ಏರ್ ಸಂಸ್ಥೆ ಎಟಿಆರ್ ವಿಮಾನದೊಂದಿಗೆ ಈ ಸೇವೆಯನ್ನು ಆರಂಭಿಸಿತು. ಅದೂ ವಾರದ ಕೆಲವು ದಿನ ಮಾತ್ರ ಇತ್ತು, ಬಹುಕಾಲ ಉಳಿಯಲಿಲ್ಲ. ಸಣ್ಣ ನಿಲ್ದಾಣಗಳ ನಡುವಿನ ಸೇವೆಗಳ ಸ್ವಭಾವವೇ ಹೀಗೆ: ಸೀಟು ತುಂಬಿದರೆ ಮುಂದುವರಿಯುತ್ತವೆ, ತುಂಬದಿದ್ದರೆ ನಿಲ್ಲುತ್ತವೆ, ಕೆಲವೊಮ್ಮೆ ಪುನಃ ಆರಂಭವಾಗುತ್ತವೆ. ಆದುದರಿಂದ ಹಿಂದೊಮ್ಮೆ ಯಾರೋ ಹೋಗಿ ಬಂದ ನೆನಪಿನ ಮೇಲೆ ಯೋಜನೆ ಹಾಕದೆ, ಹೊರಡುವ ದಿನಾಂಕಕ್ಕೆ ಟಿಕೆಟ್ ಸಿಗುತ್ತದೆಯೇ ಎಂದು ನೋಡಬೇಕು. ಟಿಕೆಟ್ ಸಿಕ್ಕಿದರೆ ವಿಮಾನ ಇದೆ, ಸಿಗದಿದ್ದರೆ ಇಲ್ಲ. ವಾರಕ್ಕೆ ಕೆಲವೇ ದಿನ ಹಾರುವ ಸೇವೆಯಾದರೆ, ಬುಧವಾರ ಸುದ್ದಿ ಬಂದು ವಿಮಾನ ಶುಕ್ರವಾರಕ್ಕೆ ಇದ್ದಾಗ "ಒಂದು ಗಂಟೆಯ ಪ್ರಯಾಣ" ಎರಡು ದಿನದ್ದಾಗುತ್ತದೆ.

ನೇರ ವಿಮಾನ ಇಲ್ಲದಾಗ ಬೆಂಗಳೂರಿಗೆ ಹಾರಿ ಅಲ್ಲಿಂದ ಮೈಸೂರಿಗೆ ಹೋಗೋಣ ಎಂದು ಯೋಚಿಸುವವರಿದ್ದಾರೆ. ಮಂಗಳೂರಿನಿಂದ ಬೆಂಗಳೂರು ನಿಲ್ದಾಣಕ್ಕೆ ಆಕಾಶಮಾರ್ಗ ಸುಮಾರು 306 ಕಿ.ಮೀ. ಆದರೆ ಆ ನಿಲ್ದಾಣ ಬೆಂಗಳೂರಿನ ಉತ್ತರಕ್ಕೆ ದೇವನಹಳ್ಳಿಯಲ್ಲಿದೆ, ಮೈಸೂರು ನೈಋತ್ಯಕ್ಕಿದೆ. ನಡುವೆ ಇಡೀ ನಗರವನ್ನು ದಾಟಬೇಕು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಮೇಲೂ ದೇವನಹಳ್ಳಿಯಿಂದ ಮೈಸೂರಿಗೆ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಒಟ್ಟು ಎಂಟು ಗಂಟೆಯ ಹತ್ತಿರ ಹೋಗುತ್ತದೆ. ಮಂಗಳೂರಿನಿಂದ ಕಾರಿನಲ್ಲಿ ಘಟ್ಟ ಹತ್ತಿದವರು ಅಷ್ಟರೊಳಗೆ ಮೈಸೂರು ತಲುಪಿ ಊಟ ಮಾಡಿರುತ್ತಾರೆ.

ಮನೆಯಿಂದ ಮನೆಗೆ: ಮೂರು ಗಂಟೆಯ ನಿಯಮ

ನೇರ ವಿಮಾನ ಇರುವ ದಿನಕ್ಕೂ ಒಂದು ಸರಳ ಲೆಕ್ಕ ನೆನಪಿಡಬಹುದು. ನಿಲ್ದಾಣಕ್ಕೆ ಕನಿಷ್ಠ ಒಂದೂವರೆ ಗಂಟೆ ಮೊದಲು ತಲುಪಬೇಕು. ದೇಶದೊಳಗಿನ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಪ್ರಯಾಣಕ್ಕೆ ಒಂದು ಗಂಟೆ. ಇಳಿದು, ಬ್ಯಾಗು ಪಡೆದು ಹೊರಬರಲು ಅರ್ಧ ಗಂಟೆ. ಒಟ್ಟು ಮೂರು ಗಂಟೆ. ಇದರಲ್ಲಿ ಉಳಿತಾಯ ಇಲ್ಲ. ಈ ಮೂರು ಗಂಟೆಗೆ ಮನೆಯಿಂದ ನಿಲ್ದಾಣದ ರಸ್ತೆಯನ್ನೂ, ಆ ಕಡೆ ನಿಲ್ದಾಣದಿಂದ ಮನೆಯ ರಸ್ತೆಯನ್ನೂ ಸೇರಿಸಬೇಕು.

ಈ ಪ್ರಕಾರ ಕೆಲವು ಊರುಗಳ ಲೆಕ್ಕ ಹೀಗಿದೆ (ಮೈಸೂರು ನಗರಕ್ಕೆ, ಮಳೆಯಿಲ್ಲದ ದಿನ):

ಮಂಗಳೂರು ನಗರದಿಂದ: ವಿಮಾನದಲ್ಲಿ ಸುಮಾರು ನಾಲ್ಕೂಕಾಲು ಗಂಟೆ, ಕಾರಿನಲ್ಲಿ ಆರು ಗಂಟೆ.
ಉಡುಪಿಯಿಂದ: ವಿಮಾನದಲ್ಲಿ ಸುಮಾರು ಐದು ಗಂಟೆ; ಕಾರಿನಲ್ಲಿ ಏಳು ಗಂಟೆಗಿಂತ ಹೆಚ್ಚು.
ಪುತ್ತೂರಿನಿಂದ: ವಿಮಾನದಲ್ಲಿ ಸುಮಾರು ಐದು ಗಂಟೆ, ಕಾರಿನಲ್ಲಿ ನಾಲ್ಕೂವರೆ ಗಂಟೆ.
ಸುಳ್ಯದಿಂದ: ವಿಮಾನದಲ್ಲಿ ಸುಮಾರು ಆರು ಗಂಟೆ, ಕಾರಿನಲ್ಲಿ ನಾಲ್ಕು ಗಂಟೆಯೊಳಗೆ.

ಇದರಿಂದ ತಿಳಿಯುವುದೇನೆಂದರೆ, ವಿಮಾನದಿಂದ ಲಾಭವೋ ನಷ್ಟವೋ ಎಂಬುದು ವಿಮಾನದ ವೇಗದ ಮೇಲೆ ನಿಂತಿಲ್ಲ; ನಮ್ಮ ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಉಡುಪಿಯವರಿಗೆ ಬಜ್ಪೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಪುತ್ತೂರು, ಸುಳ್ಯದವರು ಬಜ್ಪೆಗೆ ಹೋಗಬೇಕಾದರೆ ಮೈಸೂರಿಗೆ ಬೆನ್ನು ಹಾಕಿ ಹಿಂದಕ್ಕೆ ಹೋಗಬೇಕು. ಆ ಕಡೆಯಲ್ಲೂ ಹಾಗೆಯೇ. ನಂಜನಗೂಡು, ಚಾಮರಾಜನಗರ ಭಾಗದಿಂದ ಕರಾವಳಿಗೆ ಬರುವವರಿಗೆ ಮಂಡಕಳ್ಳಿ ದಾರಿಯಲ್ಲೇ ಇದೆ. ಹುಣಸೂರು, ಪಿರಿಯಾಪಟ್ಟಣದವರಿಗೆ ಅದು ಹಿಂದಕ್ಕೆ. ಕೊಡಗಿನವರಂತೂ ಮಂಗಳೂರಿಗೆ ರಸ್ತೆಯಲ್ಲೇ ಬರುವುದು ಸರಿ. ದೂರದ ಊರುಗಳಿಂದ ವಿಮಾನದಲ್ಲಿ ಬರುವ ವಿರಾಜಪೇಟೆ ಕಡೆಯವರಿಗೆ 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣ ಬಹಳ ಹತ್ತಿರ.

ಮಳೆಗಾಲದಲ್ಲಿ ಲೆಕ್ಕವೇ ಬೇರೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಮೇಲಿನ ಯಾವ ಅಂಕಿಯನ್ನೂ ಗಟ್ಟಿ ಎಂದು ಹೇಳಲಾಗದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಸಂಪಾಜೆ–ಮಡಿಕೇರಿ ರಸ್ತೆ ಕಡಿದುಹೋದದ್ದನ್ನು ನಮ್ಮ ಓದುಗರು ಮರೆತಿರಲಾರರು. ಆಗ ಶಿರಾಡಿ ಘಾಟಿಯೂ, ರೈಲು ಮಾರ್ಗವೂ ಮುಚ್ಚಿದ್ದವು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಹಲವು ದಿನ ರೈಲು ಓಡಲಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಸುಮಾರು 55 ಕಿ.ಮೀ. ಘಟ್ಟದ ಹಳಿಯಲ್ಲಿ 57 ಸುರಂಗಗಳಿವೆ ಎಂದರೆ ಆ ಜಾಗ ಎಂತಹದು ಎಂದು ಊಹಿಸಬಹುದು.

ಇಂತಹ ದಿನಗಳಲ್ಲಿ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಆಕಾಶಮಾರ್ಗ ನಿಜವಾಗಿ ನೆರವಾಗುತ್ತದೆ. ಬೆಂಗಳೂರು ಸುತ್ತಿ ಎಂಟು ಗಂಟೆ ಹಿಡಿಯುವ ದಾರಿಯೂ ಆಗ ವ್ಯರ್ಥವಲ್ಲ. ಆದರೆ ಮಳೆ ವಿಮಾನವನ್ನೂ ಬಿಡುವುದಿಲ್ಲ. ಬಜ್ಪೆ ಗುಡ್ಡದ ಮೇಲಿನ ನಿಲ್ದಾಣವಾದುದರಿಂದ ರನ್‌ವೇ ಸ್ಪಷ್ಟವಾಗಿ ಕಾಣದಿದ್ದರೆ ಚಾಲಕರು ಇಳಿಸುವುದಿಲ್ಲ. ವಿಮಾನ ಸುತ್ತು ಹಾಕುತ್ತಾ ಕಾಯಬಹುದು, ಇಲ್ಲವೇ ಬೆಂಗಳೂರು, ಕಣ್ಣೂರಿನಂತಹ ಬೇರೆ ನಿಲ್ದಾಣಕ್ಕೆ ಹೋಗಬಹುದು. ಇದಕ್ಕಾಗಿ ಸಿಟ್ಟಾಗುವುದು ಸರಿಯಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇದೇ ಗುಡ್ಡದಿಂದ ಆಚೆ ಜಾರಿ 158 ಜೀವಗಳು ಹೋದವು. ಬದುಕಿ ಉಳಿದವರು ಎಂಟೇ ಮಂದಿ. ಆ ದುಃಖವನ್ನು ಕಂಡ ಕರಾವಳಿಗೆ, ತಡವಾಗಿಯಾದರೂ ಕ್ಷೇಮವಾಗಿ ಇಳಿಯುವುದರ ಬೆಲೆ ಗೊತ್ತಿದೆ.

ಯಾರಿಗೆ ಯಾವುದು ಅನುಕೂಲ?

ವಯಸ್ಸಾದವರು, ಬೆನ್ನುನೋವು ಇರುವವರು, ಘಟ್ಟದ ತಿರುವಿನಲ್ಲಿ ವಾಂತಿಯಾಗುವವರು ನಾಲ್ಕೂಕಾಲು ಗಂಟೆಯ ವಿಮಾನ ಪ್ರಯಾಣದಲ್ಲಿ ಮೂರು ಗಂಟೆಯಷ್ಟು ಸಮಯವನ್ನು ಆರಾಮವಾಗಿ ಕುಳಿತು ಕಳೆಯಬಹುದು. ಗಾಲಿಕುರ್ಚಿ ಬೇಕಾದರೆ ಟಿಕೆಟ್ ಮಾಡುವಾಗಲೇ ತಿಳಿಸಬೇಕು. ಎಟಿಆರ್ ವಿಮಾನಕ್ಕೆ ಮೆಟ್ಟಿಲು ಹತ್ತಿಯೇ ಹೋಗಬೇಕೆಂಬುದು ನೆನಪಿರಲಿ.

ವಿಮಾನ ಇಲ್ಲದ ದಿನ ಹಿರಿಯರಿಗೆ ಮೈಸೂರು ಮಾರ್ಗದ ರಾತ್ರಿ ರೈಲು ಉತ್ತಮ. ಸಮಯ ಹೆಚ್ಚಾದರೂ ಮಲಗಿಕೊಂಡು ಹೋಗಬಹುದು.

ಒಂದು ಗುಂಪಾಗಿ ಯಾತ್ರೆ ಹೋಗುವವರಿಗೆ ವಿಮಾನದ ವಿಚಾರ ಬೇಡವೆಂದೇ ನಮ್ಮ ಅಭಿಪ್ರಾಯ. 2019ರಲ್ಲಿ ಬಸಿಲಿಕವೆಂದು ಘೋಷಿತವಾದ ದೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ ಕೆ.ಆರ್. ನಗರದ ಕಡೆ ಇದೆ. ಮಂಗಳೂರಿನಿಂದ ಹೋಗುವವರಿಗೆ ಅದು ಮೈಸೂರಿಗಿಂತ ಮೊದಲೇ ಸಿಗುತ್ತದೆ. ಮಂಡಕಳ್ಳಿಯಲ್ಲಿ ಇಳಿದು ಹಿಂದಕ್ಕೆ ಬರುವುದರಲ್ಲಿ ಅರ್ಥವಿಲ್ಲ. ಜೂನ್ 13ರ ಹಬ್ಬಕ್ಕೆ ಹೋಗುವವರು ಮಳೆ ಹಿಡಿದಿರುವುದನ್ನು ಗಮನಿಸಿ ಹಿಂದಿನ ದಿನವೇ ಹಗಲಲ್ಲಿ ಘಟ್ಟ ಹತ್ತುವುದು ಒಳ್ಳೆಯದು. ಮೈಸೂರಿನಿಂದ ಕಾರ್ಕಳದ ಅತ್ತೂರಿಗೆ ಜನವರಿಯಲ್ಲಿ ಬರುವವರಿಗೆ ಹವಾಮಾನದ ಭಯವಿಲ್ಲ. ಬಜ್ಪೆಯಿಂದ ಅತ್ತೂರಿಗೆ ಸುಮಾರು 40 ಕಿ.ಮೀ. ಮಾತ್ರ.

ಧರ್ಮಕೇಂದ್ರಗಳಿಗೆ ಒಂದು ವಿನಂತಿ

ಮರಣದ ಸುದ್ದಿ ಬಂದಾಗ ಮನೆಯವರು ದುಃಖದಲ್ಲಿರುತ್ತಾರೆ. ಅಂತ್ಯಕ್ರಿಯೆಯ ಸಮಯ ನಿಗದಿ ಮಾಡಲು ಅವರು ಗುರಿಕಾರರ ಮತ್ತು ಧರ್ಮಗುರುಗಳ ಮಾತನ್ನೇ ಅವಲಂಬಿಸುತ್ತಾರೆ. "ಮಗಳು ಮೈಸೂರಿನಿಂದ ಬರುತ್ತಾಳೆ, ವಿಮಾನದಲ್ಲಿ ಒಂದು ಗಂಟೆಯಷ್ಟೇ" ಎಂದು ಯಾರಾದರೂ ಹೇಳಿದರೆ, ಸಮಾಧಾನದಿಂದ ನಾಲ್ಕು ಪ್ರಶ್ನೆ ಕೇಳಿರಿ. ಟಿಕೆಟ್ ಕೈಗೆ ಸಿಕ್ಕಿದೆಯೇ? ವಿಮಾನ ನೇರವೇ, ಬೆಂಗಳೂರು ಸುತ್ತಿಯೇ? ಅವರು ಮನೆ ಬಿಡುವುದು ಎಷ್ಟು ಗಂಟೆಗೆ? ಬಜ್ಪೆಯಿಂದ ನಮ್ಮ ಇಗರ್ಜಿಗೆ ರಸ್ತೆ ಎಷ್ಟು ಹೊತ್ತು?

ಉದಾಹರಣೆಗೆ ಬೆಳಿಗ್ಗೆ 11 ಗಂಟೆಗೆ ಮೈಸೂರಿನಿಂದ ಹೊರಡುವ ವಿಮಾನ 12ಕ್ಕೆ ಬಜ್ಪೆ ತಲುಪಿದರೆ, ಪ್ರಯಾಣಿಕರು ಹೊರಗೆ ಬರುವಾಗ 12.30. ಉಡುಪಿಯ ಆಚೆಯ ಧರ್ಮಕೇಂದ್ರಕ್ಕೆ ಅವರು ಮುಟ್ಟುವಾಗ ಎರಡೂವರೆ ದಾಟಿರುತ್ತದೆ. ಅಂತ್ಯಕ್ರಿಯೆ 4 ಗಂಟೆಗೆ ಇದ್ದರೆ ಅವರು ಮೃತರ ಬಳಿ ಒಂದಿಷ್ಟು ಹೊತ್ತು ಕುಳಿತು ಪ್ರಾರ್ಥಿಸಬಹುದು. ಅದನ್ನೇ 3 ಗಂಟೆಗೆ ಇಟ್ಟರೆ, ವಿಮಾನ ಅರ್ಧ ಗಂಟೆ ತಡವಾದರೂ ಮಗಳು ಬಂದು ಸೇರುವಾಗ ಮೆರವಣಿಗೆ ಹೊರಟಿರುತ್ತದೆ. ಇಲ್ಲಿ ಒಂದು ಗಂಟೆ ಹೆಚ್ಚು ಇಡುವುದರಿಂದ ಯಾರಿಗೂ ನಷ್ಟವಿಲ್ಲ.

ಈ ಮೂರು ಗಂಟೆಯ ಲೆಕ್ಕ ಮೈಸೂರಿಗೆ ಮಾತ್ರವಲ್ಲ, ಒಂದು ಗಂಟೆಯ ಹಾರಾಟವಿರುವ ಎಲ್ಲ ಊರುಗಳಿಗೂ ಸಲ್ಲುತ್ತದೆ. ಬಜ್ಪೆಯಿಂದ ಹುಬ್ಬಳ್ಳಿಗೆ ಆಕಾಶಮಾರ್ಗ ಸುಮಾರು 266 ಕಿ.ಮೀ., ಬೆಳಗಾವಿಗೆ ಸುಮಾರು 322 ಕಿ.ಮೀ. ಅಲ್ಲಿಗೂ ನೇರ ವಿಮಾನ ಇರುವ ದಿನ ಮೂರು ಗಂಟೆ ಮೊದಲೇ ಬರೆದಿಟ್ಟು, ಎರಡೂ ಬದಿಯ ರಸ್ತೆ ಕೂಡಿಸಿ, ಆಮೇಲೆ ತೀರ್ಮಾನಿಸಿರಿ. ವಾರ್ಡಿನ ಸಭೆಯಲ್ಲಿ ಒಮ್ಮೆ ಈ ವಿಷಯ ತಿಳಿಸಿದರೆ, ಅಥವಾ ಇಗರ್ಜಿಯ ಸೂಚನಾ ಫಲಕದಲ್ಲಿ ನಾಲ್ಕು ಸಾಲು ಬರೆದು ಹಾಕಿದರೆ, ಅವಸರದ ದಿನ ಯಾವುದಾದರೂ ಒಂದು ಕುಟುಂಬಕ್ಕೆ ಸಹಾಯವಾದೀತು.